ಹನಿ ಎಲ್ಲಿಂದ ಬಿತ್ತು?

ಕನ್ನಡ ಕಾರ್ಯಕ್ರಮದಲ್ಲಿ ಈ ಮಾತನ್ನು ಕೇಳಿದವರಿಗೂ, ಆ ಹೊತ್ತಿಗೆ ಲೋಕಲ್ ರೈಲಿನಲ್ಲೋ ಟ್ರಾಫಿಕ್ಕಿನಲ್ಲೋ ಸಿಕ್ಕಿಕೊಂಡು ಕೇಳಲಾಗದವರಿಗೂ ಅದನ್ನೇ ಅಚ್ಚಿನಲ್ಲಿ ಕೊಡುತ್ತಿದ್ದೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ ತರಹದ್ದು. ಹಾಡಿನ ಬಗ್ಗೆ ಅಲ್ಲ, ಹಬ್ಬದ ಬಗ್ಗೆಯೂ ಅಲ್ಲ. ಹಳೆಯ ತೋಟದ ಟ್ರ್ಯಾಕ್ಟರಿನ ಅಡಿಯಲ್ಲಿ ಬೀಳುವ ಎಣ್ಣೆಯ ಹನಿಯ ಬಗ್ಗೆ.

'ಮಹಾನಗರದಲ್ಲಿರುವ ನಮಗೆ ಟ್ರ್ಯಾಕ್ಟರ್ ಯಾಕಪ್ಪಾ?' ಎಂದು ನೀವು ಕೇಳಬಹುದು. ಒಮ್ಮೆ ಲೆಕ್ಕ ಹಾಕಿ ನೋಡಿ. ನಿಮ್ಮಲ್ಲಿ ಎಷ್ಟು ಜನರಿಗೆ ಊರಿನಲ್ಲಿ ಇನ್ನೂ ಜಮೀನಿದೆ? ಎಷ್ಟು ಜನ ನಿವೃತ್ತಿಯ ನಂತರಕ್ಕೆಂದು ನಾಶಿಕ್ ಕಡೆ ಎಕರೆ, ಅರ್ಧ ಎಕರೆ ತೆಗೆದುಕೊಂಡಿದ್ದೀರಿ? ಊರಿನಿಂದ ಅಣ್ಣನೋ ಭಾವನೋ ಫೋನು ಮಾಡಿ, "ಗಾಡಿ ಎಣ್ಣೆ ಕಾರುತ್ತಿದೆ, ಮಾರಿಬಿಡೋಣವಾ?" ಎಂದು ಕೇಳಿದಾಗ ಏನು ಹೇಳಬೇಕೆಂದು ತೋಚದೆ ಸುಮ್ಮನಾದವರು ಎಷ್ಟು ಮಂದಿ? ಅಂಥವರಿಗಾಗಿ ಈ ಮಾತು.

ನಾಶಿಕ್ ನಮ್ಮವರಿಗೆ ಹೊಸ ಊರೇನಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆಯೇ ಮುಂದೆ ಎಚ್.ಎ.ಎಲ್. ಆಯಿತು. ಅದರ ನಾಶಿಕ್ ವಿಭಾಗ 1964ರಲ್ಲಿ ಓಝರಿನಲ್ಲಿ ಶುರುವಾಯಿತು. ಆಡುಗೋಡಿಯ ಮೈಕೋ ಕೂಡ ನಾಶಿಕ್ಕಿನ ಸಾತಪುರದಲ್ಲಿ ಕಾರ್ಖಾನೆ ತೆರೆಯಿತು. ಈಗ ಅದರ ಹೆಸರು ಬಾಷ್. ಇನ್ನು ಛತ್ರಪತಿ ಸಂಭಾಜಿನಗರ, ಅಂದರೆ 2023ರವರೆಗೆ ಔರಂಗಾಬಾದ್ ಎಂದು ಕರೆಯುತ್ತಿದ್ದ ಊರು. ಆ ಜಿಲ್ಲೆಯಲ್ಲಿರುವ ಎಲ್ಲೋರದ ಕೈಲಾಸ ದೇವಾಲಯ ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಅದೇ ಜಿಲ್ಲೆಯಲ್ಲಿ 'ಕನ್ನಡ' ಎಂಬ ಹೆಸರಿನ ಒಂದು ತಾಲ್ಲೂಕೇ ಇದೆ ಎಂಬುದು ನಿಮಗೆ ಗೊತ್ತೇ?

ನಾಶಿಕ್ ಕಡೆಯ ದಿಂಡೋರಿ, ನಿಫಾಡ್, ಪಿಂಪಳಗಾಂವ್ ಬಸವಂತ ದ್ರಾಕ್ಷಿಯ ಸೀಮೆ. ಸಂಭಾಜಿನಗರದ ಕಡೆ ಮೋಸಂಬಿ, ಶುಂಠಿ. ಇಂಥ ತೋಟಗಳಲ್ಲಿ ದೊಡ್ಡ ಟ್ರ್ಯಾಕ್ಟರ್ ಕೆಲಸಕ್ಕೆ ಬಾರದು. ದ್ರಾಕ್ಷಿ ಚಪ್ಪರದ ಅಡಿಯಲ್ಲಿ, ಎರಡು ಸಾಲುಗಳ ನಡುವೆ ನುಸುಳಲು ಚಿಕ್ಕ ಗಾಡಿಯೇ ಬೇಕು. 15ರಿಂದ 25 ಅಶ್ವಶಕ್ತಿಯ ಈ ಮಿನಿ ಟ್ರ್ಯಾಕ್ಟರುಗಳಲ್ಲಿ ಹಲವು ಹೋದದ್ದು ನಮ್ಮ ಬೆಂಗಳೂರಿನಿಂದಲೇ. 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ಶುರುವಾದ ವಿ.ಎಸ್.ಟಿ. ಟಿಲ್ಲರ್ಸ್ ಕಂಪನಿಯ 'ಮಿತ್ಸುಬಿಷಿ ಶಕ್ತಿ', ಹದಿನೆಂಟೂವರೆ ಅಶ್ವಶಕ್ತಿಯ ಮೂರು ಸಿಲಿಂಡರಿನ ಗಾಡಿ, ಮಹಾರಾಷ್ಟ್ರದ ತೋಟಗಳಲ್ಲಿ ಚಿರಪರಿಚಿತ. ಮಹೀಂದ್ರಾ ಯುವರಾಜ್ ಮೊದಲಾದವು ಆಮೇಲೆ ಬಂದವು. ಯಾವ ಕಂಪನಿಯದೇ ಇರಲಿ, ಹತ್ತು ಹದಿನೈದು ವರ್ಷ ದುಡಿದ ಗಾಡಿ ಎಣ್ಣೆ ಜಿನುಗಿಸುವುದು ಸಹಜ. ಅದು ರಬ್ಬರಿನ ಆಯುಷ್ಯ, ಕಬ್ಬಿಣದ ದೋಷವಲ್ಲ.

ಹಾಗಾದರೆ ಒಂದು ಹನಿಗೆ ಇಷ್ಟು ಮಾತೇಕೆ? ದ್ರಾಕ್ಷಿ ತೋಟದ ಲೆಕ್ಕವೇ ಬೇರೆ. ಅಕ್ಟೋಬರ್ ಛಾಟಣಿ, ಅಂದರೆ ಕಾಯಿಗಾಗಿ ಮಾಡುವ ಚಾಟನಿ, ಮುಗಿದ ಮೇಲೆ ಎಳೆ ಚಿಗುರು, ಹೂಗೊಂಚಲು ಬರುವ ಹೊತ್ತಿನಲ್ಲಿ ಅಕಾಲ ಮಳೆ ಬಿದ್ದರೆ ಡೌನಿ ರೋಗ ತಡೆಯಲು ಔಷಧಿ ಹೊಡೆಯಲೇಬೇಕು. ಅದಕ್ಕೆ ಸಿಗುವ ಸಮಯ ವಾರಗಟ್ಟಲೆ ಅಲ್ಲ, ಕೆಲವೇ ಗಂಟೆ. ಬ್ಲೋವರ್ ತಿರುಗಿಸುವುದು ಟ್ರ್ಯಾಕ್ಟರಿನ ಪಿ.ಟಿ.ಒ. ಆ ದಿನ ಎಣ್ಣೆ ಬತ್ತಿ ಇಂಜಿನ್ ಜಾಮ್ ಆಯಿತು ಎಂದಿಟ್ಟುಕೊಳ್ಳಿ. ಅಕ್ಕಪಕ್ಕದವರೆಲ್ಲ ತಮ್ಮ ತೋಟಕ್ಕೆ ಹೊಡೆಯುತ್ತಿರುತ್ತಾರೆ, ಬಾಡಿಗೆ ಗಾಡಿಯೂ ಸಿಗದು. ನೂರಿನ್ನೂರು ರೂಪಾಯಿಯ ರಬ್ಬರ್ ಬಳೆಗಾಗಿ ವರ್ಷದ ಬೆಳೆ ಹೋಗುವುದು ಹೀಗೆ.

ಹನಿಯ ಲೆಕ್ಕವನ್ನೂ ಮಾಡೋಣ. ಹತ್ತು ಸೆಕೆಂಡಿಗೆ ಒಂದು ಹನಿ ಬಿದ್ದರೆ ಎಂಟು ಗಂಟೆಯ ಕೆಲಸದಲ್ಲಿ 2,880 ಹನಿ. ಇಪ್ಪತ್ತೈದು ಮೂವತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ ಸುಮಾರು ನೂರು ಮಿಲಿ. ಹತ್ತು ದಿನಕ್ಕೆ ಒಂದು ಲೀಟರ್. ಇಂಥ ಚಿಕ್ಕ ಇಂಜಿನ್ನಿನ ಹೊಟ್ಟೆಯಲ್ಲಿ ಇರುವುದೇ ಮೂರ್ನಾಲ್ಕು ಲೀಟರ್ ಆಸುಪಾಸು. ಹನಿಹನಿಗೂಡಿದರೆ ಹಳ್ಳ ಎನ್ನುತ್ತೇವಲ್ಲ, ಇಲ್ಲಿ ಹನಿಹನಿ ಹೋದರೆ ಇಂಜಿನ್ನೇ ಬರಿದು.

ಹಾಗೆಂದು ಎಲ್ಲ ಜಿನುಗಿಗೂ ಗಾಬರಿಯಾಗಬೇಕಿಲ್ಲ. ಇಂಜಿನ್ನಿನ ಮೈ ತೇವವಾಗಿ ಧೂಳು ಅಂಟಿದ್ದರೆ ಅದು ಬೆವರು. ಗಮನದಲ್ಲಿಟ್ಟರೆ ಸಾಕು. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಹನಿ ಕಂಡರೆ ಅದು ಸೋರಿಕೆ. ಸುಲಭದ ಉಪಾಯ: ಗಾಡಿಯ ಅಡಿಯಲ್ಲಿ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರ ಯಾವ ಕಡೆ ಎಂದು ಅದರ ಮೇಲೆ ಗುರುತು ಮಾಡಿ ಇಡಿ. ಎಷ್ಟು ಬಿತ್ತು, ಎಲ್ಲಿ ಬಿತ್ತು, ಯಾವ ಬಣ್ಣ ಎಂಬ ಮೂರೂ ಬೆಳಿಗ್ಗೆ ಒಟ್ಟಿಗೆ ತಿಳಿಯುತ್ತವೆ.

ಮೊದಲ ಪ್ರಶ್ನೆ, ಬಿದ್ದದ್ದು ಏನು? ಕಪ್ಪಾಗಿದ್ದು ಬೆರಳಿಗೆ ಮಸಿ ಹತ್ತಿದರೆ ಇಂಜಿನ್ ಆಯಿಲ್. ದಪ್ಪಗಿದ್ದು ಗಂಧಕದ ಘಾಟು ಇದ್ದರೆ ಗೇರ್ ಆಯಿಲ್. ಹೊನ್ನಿನ ಬಣ್ಣವಿದ್ದು ತೆಳುವಾಗಿದ್ದರೆ ಹೈಡ್ರಾಲಿಕ್ ಆಯಿಲ್ ಇರಬಹುದು. ಆದರೆ ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿಗೂ ಹಿಂದಿನ ಲಿಫ್ಟಿಗೂ ಒಂದೇ ಎಣ್ಣೆ ಎಂಬುದು ನೆನಪಿರಲಿ. ನೀರಿನಂತೆ ತೆಳುವಾಗಿದ್ದು ವಾಸನೆಯಿಂದಲೇ ಗೊತ್ತಾಗುವುದು ಡೀಸೆಲ್. ಹಾಲಿನಂತೆ ಬೆಳ್ಳಗಾಗಿದ್ದರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ಆಗ ಎಣ್ಣೆ ಹೊರಗೆ ಹೋಗುವುದಕ್ಕಿಂತ ನೀರು ಒಳಗೆ ಬಂದ ದಾರಿಯೇ ದೊಡ್ಡ ಚಿಂತೆ.

ಇನ್ನೊಂದು ಸೂಚನೆಯನ್ನು ಬಹಳ ಜನ ಗಮನಿಸುವುದಿಲ್ಲ. ಡಿಪ್ ಸ್ಟಿಕ್ ತೆಗೆದು ನೋಡಿದಾಗ ಎಣ್ಣೆ ಕಡಿಮೆಯಾಗುವ ಬದಲು ಜಾಸ್ತಿಯಾಗಿದೆ! ಇದು ಸಂತೋಷದ ಸಂಗತಿಯಲ್ಲ. ಡೀಸೆಲ್ಲೋ ರೇಡಿಯೇಟರ್ ನೀರೋ ಒಳಗೆ ಸೇರುತ್ತಿದೆ ಎಂದು ಅರ್ಥ. ಅಂಥ ಗಾಡಿಯನ್ನು ಆ ಕ್ಷಣವೇ ನಿಲ್ಲಿಸಬೇಕು.

ಎರಡನೆಯ ಪ್ರಶ್ನೆ, ಹನಿ ಎಲ್ಲಿಂದ ಬಿತ್ತು? ಎಲ್ಲರೂ ತಪ್ಪುವುದು ಇಲ್ಲಿಯೇ. ಹನಿ ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ. ಮೇಲಿನ ಟ್ಯಾಪೆಟ್ ಕವರಿನಿಂದ ಹೊರಟ ಎಣ್ಣೆ ಇಂಜಿನ್ನಿನ ಪಕ್ಕೆಯಲ್ಲಿ ಇಳಿದು, ಫ್ಯಾನಿನ ಗಾಳಿಗೆ ಹಿಂದಕ್ಕೆ ಸರಿದು, ಚೇಂಬರಿನ ಬೋಲ್ಟಿನ ತುದಿಯಲ್ಲಿ ತೊಟ್ಟಿಕ್ಕುತ್ತದೆ. ನೋಡಿದವರು ಚೇಂಬರಿನ ಪ್ಯಾಕಿಂಗ್ ಹೋಗಿದೆ ಎಂದು ಅದನ್ನು ಬಿಚ್ಚುತ್ತಾರೆ. ಖರ್ಚೂ ಆಯಿತು, ಸೋರಿಕೆಯೂ ಉಳಿಯಿತು.

ಆದ್ದರಿಂದ ಮೊದಲು ತೊಳೆಯಿರಿ. ಇಂಜಿನ್ ತಣ್ಣಗಾದ ಮೇಲೆ ಡೀಸೆಲ್ ಅದ್ದಿದ ಬ್ರಷ್ಷಿನಿಂದ ಜಿಡ್ಡು ಕೆರೆದು, ಸೋಪಿನ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ. ಪೆಟ್ರೋಲ್ ಮಾತ್ರ ಬೇಡ, ಬೆಂಕಿಯ ಭಯ. ಡೈನಮೋ, ಸ್ಟಾರ್ಟರ್ ಮೋಟರಿಗೆ ಪ್ಲಾಸ್ಟಿಕ್ ಸುತ್ತಿ. ಒಣಗಿದ ಮೇಲೆ ಅನುಮಾನದ ಜಾಗಗಳಿಗೆ ಟಾಲ್ಕಂ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ಉದುರಿಸಿ, ಹತ್ತು ಹದಿನೈದು ನಿಮಿಷ ಇಂಜಿನ್ ಓಡಿಸಿ, ಬಯಲಿನಲ್ಲೇ ಹೊರತು ಮುಚ್ಚಿದ ಶೆಡ್ಡಿನಲ್ಲಿ ಅಲ್ಲ. ಆಮೇಲೆ ನಿಲ್ಲಿಸಿ ಟಾರ್ಚ್ ಹಾಕಿ ನೋಡಿ. ಬಿಳಿಯ ಪುಡಿಯ ಮೇಲೆ ಮೊದಲು ಒದ್ದೆಯಾದ ಜಾಗ, ಅದರಲ್ಲೂ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗವೇ ಕಳ್ಳ. ಎಣ್ಣೆ ಕೆಳಕ್ಕೆ ಮತ್ತು ಹಿಂದಕ್ಕೆ ಹೋಗುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ.

ಜಾಗ ಸಿಕ್ಕಿತು. ತಕ್ಷಣ ಸೀಲ್ ಬದಲಿಸೋಣವೇ? ಸ್ವಲ್ಪ ತಾಳಿ. ಮೊದಲು ಬ್ರೀದರ್ ನೋಡಿ. ಇಂಜಿನ್ ಓಡುವಾಗ ಪಿಸ್ಟನ್ನಿನ ಪಕ್ಕದಿಂದ ಒಂದಿಷ್ಟು ಹೊಗೆ, ಒತ್ತಡ ಕೆಳಗೆ ಇಳಿಯುತ್ತದೆ. ಅದು ಹೊರಹೋಗಲು ಒಂದು ಸಣ್ಣ ಕೊಳವೆ ಇರುತ್ತದೆ. ಅದೇ ಬ್ರೀದರ್. ಧೂಳು, ಜಿಡ್ಡು ಸೇರಿ ಅದು ಮುಚ್ಚಿಹೋದರೆ ಒಳಗಿನ ಒತ್ತಡ ಎಣ್ಣೆಯನ್ನು ಸಿಕ್ಕ ಸಿಕ್ಕ ಸಂದಿಯಿಂದ ಹೊರಗೆ ನೂಕುತ್ತದೆ. ಕುಕ್ಕರಿನ ಸೀಟಿ ಕಟ್ಟಿಕೊಂಡರೆ ಆವಿ ಗ್ಯಾಸ್ಕೆಟ್ಟಿನ ಪಕ್ಕದಿಂದ ಬರುವುದಿಲ್ಲವೇ, ಹಾಗೆ. ಹೊಸ ಸೀಲ್ ಹಾಕಿದ ತಿಂಗಳಲ್ಲೇ ಮತ್ತೆ ಸೋರಿದರೆ, ಸೀಲನ್ನು ಬೈಯುವ ಮೊದಲು ಬ್ರೀದರ್ ಬಿಚ್ಚಿ ತೊಳೆಯಿರಿ. ಬ್ರೀದರ್ ಸ್ವಚ್ಛವಿದ್ದೂ ಅದರಿಂದ ಬುಸುಬುಸು ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆಗ ಸೀಲಿಗೆ ಹಾಕುವ ದುಡ್ಡು ದಂಡ, ಇಂಜಿನ್ ಕೆಲಸವೇ ಆಗಬೇಕು. ಗುರುತಿಗಿಂತ ಹೆಚ್ಚು ಎಣ್ಣೆ ತುಂಬಿದ್ದರೂ ಸೋರುತ್ತದೆ. 'ಇರಲಿ, ಒಂದರ್ಧ ಲೀಟರ್ ಜಾಸ್ತಿಯೇ ಇರಲಿ' ಎಂಬ ಉದಾರತೆ ಇಲ್ಲಿ ನಡೆಯದು.

ಈಗ ಪ್ಯಾಕಿಂಗ್. ಪುಸ್ತಕದಲ್ಲಿ ಗ್ಯಾಸ್ಕೆಟ್ ಎಂದು ಬರೆದಿರುವುದನ್ನು ಗ್ಯಾರೇಜಿನಲ್ಲಿ ಪ್ಯಾಕಿಂಗ್ ಎನ್ನುತ್ತಾರೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಹಳೆಯದನ್ನು ಕೆರೆದು ತೆಗೆಯುವಾಗ ಚೂರು ಇಂಜಿನ್ನಿನೊಳಗೆ ಬೀಳದಂತೆ ಬಟ್ಟೆ ಮುಚ್ಚಿ. ಕವರಿನ ಅಂಚನ್ನು ಗಾಜಿನ ಮೇಲಿಟ್ಟು ಸೊಟ್ಟಗಿದೆಯೇ ನೋಡಿ. ಸೋರುತ್ತಿದೆ ಎಂದು ಬೋಲ್ಟನ್ನು ಬಿಗಿದು ಬಿಗಿದು ತಗಡು ಬಗ್ಗಿರುವುದೇ ಹೆಚ್ಚು. ಹೊಸದನ್ನು ಕೂರಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಸ್ವಲ್ಪಸ್ವಲ್ಪವಾಗಿ, ಎದುರುಬದುರಾಗಿ ಬಿಗಿಯಬೇಕು. ಕಾರ್ಕ್ ಪ್ಯಾಕಿಂಗ್ ಹಿಂಡಿ ಹೊರಗೆ ಬರುವಷ್ಟು ಬಿಗಿದರೆ ಕೆಲಸ ಕೆಟ್ಟಂತೆ.

ಅಂಗಡಿಯಲ್ಲಿ ಅನಾಬಾಂಡ್‌ನಂಥ ಅಂಟಿನ ಟ್ಯೂಬ್ ಸಿಗುತ್ತದೆ. ಒಳ್ಳೆಯದೇ, ಆದರೆ ಕಂಪನಿಯವರು ಅಂಟು ಬಳಸಿರುವ ಕಡೆ, ದಾರದಷ್ಟು ತೆಳುವಾಗಿ. ಕೇಕಿನ ಮೇಲೆ ಕ್ರೀಮ್ ಹಾಕಿದಂತೆ ಹಾಕಿದರೆ ಒಳಗೆ ಉಬ್ಬಿದ ಅಂಟು ಕಿತ್ತು ಬಿದ್ದು, ಎಣ್ಣೆ ಪಂಪಿನ ಜಾಲರಿಗೆ ಅಡ್ಡ ಕೂರುತ್ತದೆ. ಸೋರಿಕೆ ನಿಂತಿತು ಎಂದು ಖುಷಿಪಡುವಾಗಲೇ ಬೇರಿಂಗುಗಳಿಗೆ ಎಣ್ಣೆ ಹೋಗುವುದು ನಿಂತಿರುತ್ತದೆ.

ಡ್ರೈನ್ ಪ್ಲಗ್ಗಿನಲ್ಲಿ ಸೋರಿದರೆ ಇನ್ನೂ ಸುಲಭ. ಅದರ ತಾಮ್ರದ ವಾಷರ್ ಪ್ರತಿ ಬಾರಿ ಬಿಗಿದಾಗಲೂ ಗಡುಸಾಗುತ್ತಾ ಹೋಗುತ್ತದೆ. ಎಣ್ಣೆ ಬದಲಿಸುವಾಗಲೆಲ್ಲ ಹೊಸ ವಾಷರ್ ಹಾಕಿ. ತಕ್ಷಣ ಸಿಗದಿದ್ದರೆ ಹಳೆಯದನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ ಆರಿಸಿದರೆ ತಾಮ್ರ ಮತ್ತೆ ಮೆದುವಾಗುತ್ತದೆ. ನಮ್ಮ ಕಂಚುಗಾರರು ಹಿಂದಿನಿಂದಲೂ ಬಲ್ಲ ವಿದ್ಯೆ ಇದು.

ತಿರುಗುವ ಶಾಫ್ಟಿನ ಜಾಗದಲ್ಲಿ ಪ್ಯಾಕಿಂಗ್ ಇರುವುದಿಲ್ಲ, ಆಯಿಲ್ ಸೀಲ್ ಇರುತ್ತದೆ. ಕಬ್ಬಿಣದ ಬಳೆಗೆ ರಬ್ಬರ್ ತುಟಿ, ತುಟಿಯ ಹಿಂದೆ ಕೂದಲಿನಂಥ ಸ್ಪ್ರಿಂಗ್. ಅದರ ಮೇಲೆ 35, 52, 7 ಎಂಬಂತೆ ಮೂರು ಅಂಕಿ ಅಚ್ಚಾಗಿರುತ್ತವೆ. ಮೊದಲನೆಯದು ಶಾಫ್ಟಿನ ಅಳತೆ, ಎರಡನೆಯದು ಸೀಲ್ ಕೂರುವ ಗೂಡಿನ ಅಳತೆ, ಮೂರನೆಯದು ದಪ್ಪ. ಎಲ್ಲವೂ ಮಿಲಿಮೀಟರಿನಲ್ಲಿ. ಊರಿನಿಂದ ಫೋನು ಬಂದಾಗ ಈ ಮೂರು ಅಂಕಿ ಕೇಳಿಕೊಂಡರೆ ನೀವು ಮುಂಬಯಿಯಲ್ಲೋ ಪುಣೆಯಲ್ಲೋ ಕೂತೇ ಸೀಲ್ ಕೊಂಡು ಕಳಿಸಬಹುದು. ಇಂಜಿನ್ನಿನ ಬಿಸಿ ತಗಲುವ ಜಾಗಕ್ಕಾದರೆ ಸಾಧಾರಣ ನೈಟ್ರೈಲ್ ರಬ್ಬರಿಗಿಂತ ಹೆಚ್ಚು ಶಾಖ ತಡೆಯುವ ವೈಟಾನ್ ಸೀಲ್ ಇದೆಯೇ ಎಂದು ಕೇಳಿ.

ಸೀಲ್ ಕೂರಿಸುವಾಗ ನೆನಪಿಡಬೇಕಾದ್ದು ನಾಲ್ಕೇ ಮಾತು. ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗಿರಬೇಕು. ತುಟಿಗೆ ಮೊದಲೇ ಎಣ್ಣೆ ಸವರಬೇಕು, ಒಣ ತುಟಿ ಮೊದಲ ಸುತ್ತಿನಲ್ಲೇ ಸುಡುತ್ತದೆ. ಶಾಫ್ಟಿನ ಹಲ್ಲುಗಳ ಮೇಲೆ ಟೇಪ್ ಸುತ್ತಿ ದಾಟಿಸಬೇಕು, ಇಲ್ಲದಿದ್ದರೆ ತುಟಿ ಹರಿಯುತ್ತದೆ. ಸುತ್ತಿಗೆಯಿಂದ ನೇರವಾಗಿ ಹೊಡೆಯದೆ, ಸೀಲಿನ ಹೊರ ಅಂಚಿಗೆ ಸರಿಹೊಂದುವ ಪೈಪಿನ ತುಂಡು ಇಟ್ಟು ಸಮನಾಗಿ ತಟ್ಟಬೇಕು. ಇಷ್ಟಕ್ಕೂ ಮೊದಲು ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಹಳೆಯ ತುಟಿ ಕೊರೆದ ಗೆರೆಗೆ ಉಗುರು ಸಿಕ್ಕಿಕೊಂಡರೆ ಹೊಸ ಸೀಲೂ ನಿಲ್ಲದು. ಗೂಡಿನಲ್ಲಿ ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಸರಿಸಿ, ತುಟಿ ಹೊಸ ಜಾಗದ ಮೇಲೆ ಓಡುವಂತೆ ಕೂರಿಸಬಹುದು. ಇಲ್ಲವೇ ಶಾಫ್ಟಿಗೆ ತೆಳುವಾದ ಸ್ಲೀವ್ ಹಾಕಿಸಬೇಕು.

ಸ್ವಲ್ಪ ದಿನ ತಡೆಯಬಹುದಾದ ಸೋರಿಕೆ ಇದೆ, ಒಂದು ದಿನವೂ ತಡೆಯಬಾರದ್ದೂ ಇದೆ. ಹಿಂದಿನ ಆಕ್ಸಲ್ ಸೀಲ್ ಹೋಗಿ ಎಣ್ಣೆ ಬ್ರೇಕಿನ ಲೈನರಿಗೆ ತಲುಪಿದ್ದರೆ ಗಾಡಿ ಶೆಡ್ಡಿನಿಂದ ಹೊರಗೆ ಬರಬಾರದು. ಒಂದು ಕಡೆ ಬ್ರೇಕ್ ಹಿಡಿದು ಇನ್ನೊಂದು ಕಡೆ ಜಾರಿದರೆ, ಔಷಧಿ ಟ್ಯಾಂಕ್ ಹೊತ್ತ ಚಿಕ್ಕ ಗಾಡಿ ಬದುವಿನ ಮೇಲೆ ಮಗುಚಲು ಎಷ್ಟು ಹೊತ್ತು? ಎಣ್ಣೆ ಕುಡಿದ ಲೈನರನ್ನು ಒರೆಸಿ ಮತ್ತೆ ಹಾಕುವುದೂ ಬೇಡ, ಬದಲಿಸಿ.

ಹೈಡ್ರಾಲಿಕ್ ಪೈಪಿನಲ್ಲಿ, ಡೀಸೆಲ್ ಇಂಜೆಕ್ಟರಿನ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾಗಿದ್ದರೆ ದಯವಿಟ್ಟು ಬೆರಳಿಟ್ಟು ಹುಡುಕಬೇಡಿ. ಆ ಒತ್ತಡದಲ್ಲಿ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ, ನೋವೂ ಮೊದಲು ಕಡಿಮೆ. ಆದರೆ ಒಳಗೆ ಮಾಂಸ ಕೊಳೆತು ಬೆರಳನ್ನೇ, ಕೈಯನ್ನೇ ಕಳೆದುಕೊಂಡವರಿದ್ದಾರೆ. ರಟ್ಟಿನ ತುಂಡು ಹಿಡಿದು ನೋಡಿ. ಅಕಸ್ಮಾತ್ ಹಾಗಾದರೆ ಅರಿಶಿನ ಮೆತ್ತಿ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು, ಏನಾಯಿತೆಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು. ಗಾಡಿಯ ಅಡಿಗೆ ಹೋಗುವ ಮುನ್ನ ಚಕ್ರಕ್ಕೆ ಅಡ್ಡ ಇಟ್ಟು, ಜಾಕನ್ನಷ್ಟೇ ನಂಬದೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಕೀಲಿ ಜೇಬಿನಲ್ಲಿಟ್ಟುಕೊಳ್ಳಿ. ತಿರುಗುವ ಪಿ.ಟಿ.ಒ. ಹತ್ತಿರ ಟವೆಲ್ಲು, ಸೆರಗು, ದುಪಟ್ಟಾ ಬೇಡವೇ ಬೇಡ.

ಕ್ಲಚ್ಚಿನ ಗೂಡಿನ ತಳದಲ್ಲಿ ಒಂದು ಸಣ್ಣ ತೂತಿರುತ್ತದೆ, ಅನೇಕ ಗಾಡಿಗಳಲ್ಲಿ ಅದರೊಳಗೆ ಒಂದು ಪಿನ್ನು ನೇತಾಡುತ್ತಿರುತ್ತದೆ. ಅಲ್ಲಿಂದ ಕಪ್ಪು ಎಣ್ಣೆ ಬಂದರೆ ಕ್ರ್ಯಾಂಕಿನ ಹಿಂದಿನ ಸೀಲ್, ದಪ್ಪ ಗೇರ್ ಎಣ್ಣೆ ಬಂದರೆ ಗೇರ್ ಬಾಕ್ಸಿನ ಶಾಫ್ಟ್ ಸೀಲ್ ಹೋಗಿದೆ. ಎರಡಕ್ಕೂ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಸೀಲಿನ ಬೆಲೆ ಅಲ್ಪ, ಕೂಲಿಯೇ ಜಾಸ್ತಿ. ಹೇಗೂ ಬಿಚ್ಚಿದ ಮೇಲೆ ಎರಡೂ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲವನ್ನೂ ಪರೀಕ್ಷಿಸಿ, ಸವೆದದ್ದನ್ನು ಒಟ್ಟಿಗೇ ಬದಲಿಸಿಬಿಡುವುದು ಜಾಣತನ. ಇದನ್ನು ಸುಗ್ಗಿ ಮುಗಿದ ಮೇಲೆ, ಏಪ್ರಿಲ್ ಛಾಟಣಿಯ ಆಸುಪಾಸಿನಲ್ಲಿ ಮಾಡಿಸಿದರೆ ಮುಂದಿನ ಅಕ್ಟೋಬರ್ ನಿಶ್ಚಿಂತೆ.

ಸೀಲ್ ಬೇಗ ಹೋಗುವುದೇಕೆ? ವಯಸ್ಸಿನ ಜೊತೆಗೆ ತೋಟದ್ದೇ ಕೆಲವು ಕಾರಣಗಳಿವೆ. ದ್ರಾಕ್ಷಿ ಬಳ್ಳಿ ಕಟ್ಟುವ ಸುತಳಿ, ತುಂಡು ತಂತಿ, ಮಲ್ಚಿಂಗ್ ಹಾಳೆಯ ಚೂರು ಚಕ್ರದ ಅಚ್ಚಿಗೆ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ಯುತ್ತವೆ. ವಾರಕ್ಕೊಮ್ಮೆ ಕುಡುಗೋಲಿನ ತುದಿಯಿಂದ ಬಿಡಿಸಿ ತೆಗೆದರೆ ಆಯಿತು. ಎರೆಮಣ್ಣಿನ ಧೂಳು ಜಿಡ್ಡಿನೊಡನೆ ಸೇರಿ ಉಪ್ಪುಕಾಗದದಂತೆ ಶಾಫ್ಟನ್ನು ಉಜ್ಜುತ್ತದೆ. ಜೋರಾದ ನೀರಿನ ಪೈಪನ್ನು ಸೀಲಿಗೆ ನೇರ ಹಿಡಿದು ತೊಳೆದರೆ ನೀರು, ಮಣ್ಣು ಎರಡೂ ಒಳಗೆ. ತಿಂಗಳುಗಟ್ಟಲೆ ನಿಂತ ಗಾಡಿಯ ಸೀಲ್ ಒಣಗಿ ಬಿರಿಯುತ್ತದೆ. ಕೆಲಸವಿಲ್ಲದ ದಿನಗಳಲ್ಲೂ ಆಗಾಗ ಅರ್ಧ ಗಂಟೆ ಓಡಿಸಿ.

ಮೇಸ್ತ್ರಿಯ ಜೊತೆ ಮಾತಾಡುವುದಕ್ಕೂ ಒಂದು ರೀತಿಯಿದೆ. ಮರಾಠಿಯಲ್ಲಿ ಸೋರಿಕೆಗೆ 'ಗಳತಿ' ಎನ್ನುತ್ತಾರೆ, ಸ್ಪ್ಯಾನರಿಗೆ 'ಪಾನಾ'. "ದಾದಾ, ತೇಲ್ ಕುಠೂನ್ ಗಳತಂಯ್ ತೇ ಆಧೀ ಪಾಹೂ," ಎಂದು ಕೇಳಿನೋಡಿ. ಎಣ್ಣೆ ಎಲ್ಲಿಂದ ಸೋರುತ್ತಿದೆಯೋ ಅದನ್ನು ಮೊದಲು ನೋಡೋಣ ಎಂದರ್ಥ. ಬಿಚ್ಚುವ ಮೊದಲು ತೊಳೆದು ನೋಡುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ. ತೆಗೆದ ಹಳೆಯ ಸೀಲನ್ನು ಕೇಳಿ ಪಡೆಯಿರಿ, ಅದರ ಅಂಕಿಗಳನ್ನು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡಿ. ಎಣ್ಣೆ ಎಷ್ಟು ಹಾಕಿದಿರಿ ಎಂಬುದನ್ನೂ ಅಲ್ಲೇ ಬರೆಯಿರಿ. ಗಾಡಿ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಹೇಳುವುದು ಆ ಪುಸ್ತಕವೇ. ಬರೀ ಸೀಲ್, ಪ್ಯಾಕಿಂಗಿನ ಖರ್ಚಾದರೆ ಗಾಡಿ ಇನ್ನೂ ದುಡಿಯುತ್ತದೆ. ಸೋರಿಕೆಯಿಲ್ಲದೆಯೂ ಎಣ್ಣೆ ಇಳಿಯುತ್ತಿದ್ದು ನೀಲಿ ಹೊಗೆ ಬರುತ್ತಿದ್ದರೆ ಅದು ಬೇರೆ ಕಥೆ.

ಕೊನೆಯದಾಗಿ, ತೆಗೆದ ಕಪ್ಪು ಎಣ್ಣೆ. ಅದನ್ನು ಬದುವಿಗೆ ಸುರಿಯುವುದು, ಬಾವಿಯ ಹತ್ತಿರ ಚೆಲ್ಲುವುದು ಬೇಡ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಡಬ್ಬದಲ್ಲಿ ತುಂಬಿ, ನೀರು ಸೇರದಂತೆ ಮುಚ್ಚಿ, ಹಳೆ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ. ನಾವು ತಿನ್ನುವ ದ್ರಾಕ್ಷಿಗೆ ನೀರು ಬರುವುದೂ ಅದೇ ನೆಲದಿಂದ ತಾನೇ?

ಈ ಭಾನುವಾರ ಊರಿಗೆ ಫೋನು ಮಾಡಿದಾಗ ಮಳೆ ಬೆಳೆ, ಮಕ್ಕಳ ಪರೀಕ್ಷೆ ಎಲ್ಲ ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: "ಗಾಡಿ ಕೆಳಗೆ ರಟ್ಟು ಹಾಕಿ ನೋಡಿದ್ದೀರಾ?" ಅಂದಹಾಗೆ, ನಿಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿಂತಿರುವ ಸ್ಕೂಟರಿನ ಅಡಿಯಲ್ಲೂ ಒಮ್ಮೆ ಬಗ್ಗಿ ನೋಡಿ. ಅಲ್ಲಿಯೂ ಒಂದು ಕಪ್ಪು ಚುಕ್ಕೆ ಇದ್ದರೆ, ಹುಡುಕುವ ದಾರಿ ಇದೇ.